ಆಕ್ಸೊಲಾಟಲ್‌ಗೆ ಕಡಿದ ಕೈ ಮತ್ತೆ ಬೆಳೆಯುತ್ತದಲ್ಲ, ಅದಕ್ಕೇ ಅಂತ ಬೇರೆ ಜೀನ್ ಇದೆಯಾ?

ಹಲ್ಲಿಬಾಲ:
ಮನೆ ಗೋಡೆಯ ಹಲ್ಲಿ ಬಾಲ ಉದುರಿಸಿ ಓಡಿದ್ದು ನೋಡಿ ಮಗಳು ಒಂದು ಪ್ರಶ್ನೆ ಎತ್ತಿದಳು, ಈಗ ಅದು ನನ್ನ ತಲೆ ತಿನ್ನುತ್ತಿದೆ. ಮೆಕ್ಸಿಕೋದ ಸೊಚಿಮಿಲ್ಕೊ ಸರೋವರದ ಆಕ್ಸೊಲಾಟಲ್ ಎಂಬ, ನೋಡಲು ಹಲ್ಲಿಯಂಥ ಆದರೆ ಕಪ್ಪೆಯ ಬಳಗದ ಸಾಲಮ್ಯಾಂಡರ್‌ಗೆ ಇಡೀ ಮುಂಗಾಲೇ (ಸುಲಭಕ್ಕೆ ಕೈ ಅನ್ನೋಣ) ಮತ್ತೆ ಬರುತ್ತದೆ ಅಂತ ಓದಿದೆ, ಮೂಳೆ, ನರ, ಬೆರಳು ಎಲ್ಲಾ ಸೇರಿ. ನನಗೆ ಅರ್ಥವಾಗದ್ದು ಇದು: ಮಣಿಕಟ್ಟಿನಲ್ಲಿ ಕಡಿದರೆ ಅಂಗೈ ಮಾತ್ರ ಬೆಳೆಯುತ್ತದೆ, ಭುಜದಲ್ಲಿ ಕಡಿದರೆ ಇಡೀ ಕೈ. ಎಲ್ಲಿಂದ ಶುರು ಮಾಡಬೇಕು ಅಂತ ಅದಕ್ಕೆ ಯಾರು ಹೇಳುತ್ತಾರೆ? ನಮ್ಮಲ್ಲಿಲ್ಲದ ಜೀನ್ ಏನಾದರೂ ಅದರಲ್ಲಿದೆಯಾ?

ಪೆಟ್ರಿಡಿಶ್:
ಮುಖ್ಯ ಕೆಲಸ ಮಾಡುವ ಜೀನ್‌ಗಳು ನಮ್ಮಲ್ಲೂ ಇವೆ. ಅಮ್ಮನ ಹೊಟ್ಟೆಯಲ್ಲಿ ನಮಗೆ ಕೈ ಮೂಡಿದ್ದು ಅವುಗಳಿಂದಲೇ. ಆಮೇಲೆ ಅವು ಸುಮ್ಮನಾಗುತ್ತವೆ, ಮತ್ತೆ ಎಬ್ಬಿಸುವುದು ನಮಗೆ ಆಗುವುದಿಲ್ಲ, ಅದಕ್ಕೆ ಆಗುತ್ತದೆ.

ಕಡಿದ ಮೇಲೆ ಸುಮಾರು ಒಂದು ದಿನದಲ್ಲಿ ಚರ್ಮದ ಕೋಶಗಳು ಗಾಯವನ್ನು ಮುಚ್ಚುತ್ತವೆ. ಆಮೇಲೆ ಅದರ ಕೆಳಗೆ ಒಂದು ಮೊಗ್ಗು ಕಟ್ಟುತ್ತದೆ, ಹೆಸರು ಬ್ಲಾಸ್ಟೀಮಾ. ಒಳಗಿನ ಕೋಶಗಳು ಏನು ಬೇಕಾದರೂ ಆಗಬಲ್ಲವು ಅಂತ ಮೊದಲು ಬಹಳ ಜನ ನಂಬಿದ್ದರು. 2009ರಲ್ಲಿ ಜೀವವಿಜ್ಞಾನಿ ಎಲಿ ತನಾಕಾ ಅವರ ತಂಡ ಕೋಶಗಳಿಗೆ ಹಸಿರು ಹೊಳಪಿನ ಗುರುತು ಹಾಕಿ ನೋಡಿದಾಗ ಹಾಗಲ್ಲ ಅಂತ ಗೊತ್ತಾಯಿತು, ಸ್ನಾಯುವಿನಿಂದ ಬಂದದ್ದು ಸ್ನಾಯುವೇ ಆಗುತ್ತದೆ. ಜಾಸ್ತಿ ಬದಲಾಗುವುದು ಚರ್ಮದಡಿ, ಮೂಳೆಯ ಸುತ್ತ ಇರುವ ಜೋಡಣೆ ಅಂಗಾಂಶದ ಕೋಶಗಳು. ಅವು ತಮ್ಮ ದೊಡ್ಡತನ ಬಿಟ್ಟು ಭ್ರೂಣದ ಕೈಮೊಗ್ಗಿನ ಕೋಶಗಳ ಹಾಗೆ ಆಗಿಬಿಡುತ್ತವೆ. 2018ರಲ್ಲಿ ಒಂದೊಂದೇ ಕೋಶದ ಜೀನ್ ಚಟುವಟಿಕೆ ಓದಿ ಇದನ್ನು ತೋರಿಸಿದರು. ಅದೇ ವರ್ಷ ಆಕ್ಸೊಲಾಟಲ್‌ನ ಜೀನೋಮ್ (ಇಡೀ ಡಿಎನ್‌ಎ ಬರಹ) ಕೂಡ ಹೊರಬಂತು: 3,200 ಕೋಟಿ ಅಕ್ಷರ, ನಮ್ಮದರ ಹತ್ತು ಪಟ್ಟು! ಅಷ್ಟೊಂದು ಜೀನ್ ಇದೆ ಅಂದುಕೊಳ್ಳಬೇಡಿ, ಬಹುಪಾಲು ಬರೀ ಪುನರಾವರ್ತನೆ.

ಕಪ್ಪೆಗೂಡು:
ಎಲ್ಲಿಂದ ಶುರು ಅನ್ನುವುದಕ್ಕೆ ಉತ್ತರ ಎರಡು ದಿಕ್ಕಿನದು.

ಭುಜದಿಂದ ಬೆರಳಿನ ಕಡೆಗೆ ಲೆಕ್ಕ ಹಾಕುವುದು ರೆಟಿನೋಯಿಕ್ ಆಸಿಡ್, ಅಂದರೆ ವಿಟಮಿನ್ ಎ ಬಳಗದ್ದು. ಭುಜದ ಕಡೆ ಅದರ ಪ್ರಭಾವ ಜಾಸ್ತಿ, ಮಣಿಕಟ್ಟಿನ ಕಡೆ ಕಡಿಮೆ. ಕಡಿಮೆ ಯಾಕೆ ಅಂದರೆ ಸಿವೈಪಿ26ಬಿ1 ಎಂಬ ಕಿಣ್ವ ಅದನ್ನು ಅಲ್ಲಿ ಒಡೆದುಹಾಕುತ್ತಿರುತ್ತದೆ. ಮಣಿಕಟ್ಟಿನಲ್ಲಿ ಕಡಿದು ಆ ಕಿಣ್ವಕ್ಕೆ ತಡೆ ಹಾಕಿದರೆ ಪ್ರಾಣಿ ಮೋಸಹೋಗುತ್ತದೆ: ತಾನು ಭುಜದ ಹತ್ತಿರ ಇದ್ದೇನೆ ಅಂದುಕೊಂಡು ಮಣಿಕಟ್ಟಿನ ತುದಿಗೆ ಮತ್ತೊಂದು ತೋಳು ಬೆಳೆಸುತ್ತದೆ. ಇದು 2025ರಲ್ಲಿ ಬಂದದ್ದು. ಬರೀ ವಿಟಮಿನ್ ಎ ಕೊಟ್ಟು ಇಂಥ ಡಬಲ್ ಕೈ ತರಿಸಿದ್ದು 1982ರಷ್ಟು ಹಿಂದೆಯೇ.

ಹೆಬ್ಬೆರಳ ಕಡೆ ಯಾವುದು, ಕಿರುಬೆರಳ ಕಡೆ ಯಾವುದು ಅನ್ನುವುದು ಇನ್ನೂ ಚೆನ್ನಾಗಿದೆ. ಕಿರುಬೆರಳ ಕಡೆಯ ಕೋಶಗಳಲ್ಲಿ ಹ್ಯಾಂಡ್2 ಎಂಬ ಜೀನ್ ಜೀವನವಿಡೀ ಸಣ್ಣಗೆ ಉರಿಯುತ್ತಿರುತ್ತದೆ, ಒಲೆಯಲ್ಲಿ ಬೂದಿ ಮುಚ್ಚಿದ ಕೆಂಡದ ಹಾಗೆ. ಗಾಯವಾದ ಕೂಡಲೇ ಅದು ಜೋರಾಗಿ ಸೋನಿಕ್ ಹೆಜ್‌ಹಾಗ್ ಜೀನನ್ನು ಎಬ್ಬಿಸುತ್ತದೆ (ಹೌದು, ವಿಡಿಯೋ ಗೇಮಿನ ಹೆಸರೇ). ಎದುರು ಬದಿಯಲ್ಲಿ ಎಫ್‌ಜಿಎಫ್8 ಎಂಬ ಇನ್ನೊಂದು ಜೀನ್. ಇವೆರಡೂ ಒಂದನ್ನೊಂದು ಉರಿಸುತ್ತಾ ಕೈ ಬೆಳೆಸುತ್ತವೆ. ಕೈ ಮುಗಿದ ಮೇಲೆ ಹೆಜ್‌ಹಾಗ್ ಆರುತ್ತದೆ, ಕೆಂಡ ಮಾತ್ರ ಉಳಿಯುತ್ತದೆ. ಇದೂ ತನಾಕಾ ಅವರ ತಂಡದ್ದೇ, 2025.

ನ್ಯೂಟ್‌ಪಕ್ಷ:
ಪೆಟ್ರಿಡಿಶ್ ಅವರೇ, "ನಮ್ಮಲ್ಲೂ ಇವೆ" ಅಂತ ಅಲ್ಲಿಗೇ ನಿಲ್ಲಿಸಿದರೆ ಹೇಗೆ? ಪ್ರಾಡ್1 ಇದೆಯಲ್ಲ. 2002ರಲ್ಲಿ ನ್ಯೂಟ್ ಎಂಬ ಇನ್ನೊಂದು ಸಾಲಮ್ಯಾಂಡರ್‌ನಲ್ಲಿ ಸಿಕ್ಕ ಜೀನ್, ಭುಜ-ಬೆರಳಿನ ದೂರ ಗುರುತಿಸಲು ಕೋಶದ ಮೈಮೇಲೆ ಕೂರುವ ಪ್ರೋಟೀನ್ ಅದರದ್ದು, ಸಸ್ತನಿಗಳಲ್ಲಿ ಅದಕ್ಕೆ ಜೋಡಿ ಸಿಕ್ಕಿಲ್ಲ. ಸಾಲಮ್ಯಾಂಡರ್‌ಗಳು ಎಲ್ಲಾ ಒಂದೇ ಅಂತಲೂ ಅಲ್ಲ. ಬೆಳೆದು ದೊಡ್ಡದಾದ ನ್ಯೂಟ್ ತನ್ನ ಸ್ನಾಯುವಿನ ನಾರುಗಳನ್ನೇ ಒಡೆದು ಹೊಸ ಕೋಶ ಮಾಡಿಕೊಳ್ಳುತ್ತದೆ, ಆಕ್ಸೊಲಾಟಲ್ ಮಾತ್ರ ಪಕ್ಕದಲ್ಲಿ ಕಾದಿಟ್ಟ ಕಾಂಡಕೋಶ ಬಳಸುತ್ತದೆ. ಕೈ ಅದೇ, ದಾರಿ ಬೇರೆ.

ಪೆಟ್ರಿಡಿಶ್:
ಒಪ್ಪಿದೆ, ಪ್ರಾಡ್1 ಬಿಟ್ಟದ್ದು ನನ್ನ ತಪ್ಪು. ಆದರೂ ಅದನ್ನೊಂದು ನಮಗೆ ಸೇರಿಸಿದರೆ ಕೈ ಬಂದುಬಿಡುತ್ತದೆ ಅನ್ನುವಂತಿಲ್ಲ ಅಲ್ವಾ. ಆಕ್ಸೊಲಾಟಲ್‌ನಲ್ಲೇ ನರ ತೆಗೆದುಬಿಟ್ಟರೆ ಮೊಗ್ಗು ಬೆಳೆಯುವುದಿಲ್ಲ. ಮ್ಯಾಕ್ರೋಫೇಜ್ ಎಂಬ ರಕ್ಷಣಾ ಕೋಶಗಳನ್ನು ಶುರುವಿನಲ್ಲೇ ಇಲ್ಲವಾಗಿಸಿದರೆ ಅದಕ್ಕೂ ನಮ್ಮ ಹಾಗೆ ಕಲೆಗಟ್ಟಿ ಮುಗಿಯುತ್ತದೆ. ಜೀನ್ ಇದ್ದರೂ ಇಲ್ಲದ ಹಾಗೆ.

ಹಲ್ಲಿಬಾಲ:
ಕೆಂಡದ ಮಾತು ಮಗಳಿಗೆ ತಕ್ಷಣ ಹತ್ತಿತು. ಮುಂದಿನ ಪ್ರಶ್ನೆ ರೆಡಿ: ಹಾಗಾದರೆ ನಮ್ಮ ಮನೆ ಹಲ್ಲಿಗೂ ಹೀಗೇನಾ?

ಕಪ್ಪೆಗೂಡು:
ಅಷ್ಟು ಚೊಕ್ಕ ಅಲ್ಲ. ಹೊಸ ಬಾಲದ ಒಳಗೆ ಬೆನ್ನುಮೂಳೆಯ ಮಣಿಗಳು ಬರುವುದಿಲ್ಲ, ಉದ್ದಕ್ಕೆ ಮೃದ್ವಸ್ಥಿಯ ಒಂದು ಕೊಳವೆ, ಅಷ್ಟೇ. ಕಾಲು ಕಳೆದುಕೊಂಡರೆ ಅದೂ ಇಲ್ಲ.