ಮನೆಯಲ್ಲೇ ತೋಟಾ ತುಂಬಿಕೊಳ್ಳಬಹುದಾ? ಕೈ ಬೆಚ್ಚದ, ಜೇಬು ಸುಡದ ಅಭ್ಯಾಸಕ್ಕೆ ನಿಮ್ಮ ಅನುಭವ ಹೇಳ್ರಿ

ಕೇಳಿದ್ದು, ಬಳ್ಳಾರಿಯಿಂದ:

ನಮಸ್ಕಾರ ಎಲ್ಲರಿಗೂ. ನನ್ನ ಹತ್ರ ಲೈಸೆನ್ಸ್ ಇರೋ .32 ರಿವಾಲ್ವರ್ ಐತೆ, ಕಾನ್ಪುರದ ಸರ್ಕಾರಿ ಕಾರ್ಖಾನೆದು. ಅಪ್ಪಂದು, ಅವರು ಹೋದ ಮೇಲೆ ನನ್ನ ಹೆಸರಿಗೆ ಬಂತು. ವರ್ಷಕ್ಕೆ ಎರಡು ಸಲ ರಾತ್ರಿ ರೈಲು ಹತ್ತಿ ಬೆಂಗಳೂರಿನ ರೇಂಜಿಗೆ ಹೋಗ್ತೀನಿ. 10 ಗುಂಡು ಹೊಡೆದ್ರೆ 6 ಎಡಕ್ಕೆ, ಕೆಳಕ್ಕೆ ಹೋಗಿ ಬೀಳ್ತವೆ. ತೋಟಾದ ರೇಟು ನೋಡಿದ್ರೆ ಇನ್ನೊಂದು ಡಬ್ಬಿ ತಗೊಳ್ಳೋಕೆ ಮನಸ್ಸೇ ಬರಲ್ಲ. ಅಮೆರಿಕದವರು ವಿಡಿಯೊಗಳಲ್ಲಿ ಗ್ಯಾರೇಜಲ್ಲಿ ಕೂತು .38 ಸ್ಪೆಷಲ್ ಅನ್ನೋ, ನನ್ನದಕ್ಕಿಂತ ದಪ್ಪ ಗುಂಡಿನ ತೋಟಾದ ಖಾಲಿ ಕೇಸಿಗೆ ತಾವೇ ಮದ್ದು ತುಂಬಿ, ಮೆತ್ತಗೆ ಒದೆಯೋ ತೋಟಾ ಮಾಡ್ಕೊತಾರೆ, ಅರ್ಧ ಖರ್ಚಲ್ಲಿ. ನಮ್ಮ ಕಡೆ ಯಾರಾದ್ರೂ ಮಾಡಿದ್ದೀರಾ? ಬೇರೆ ದಾರಿ ಇದ್ರೂ ಹೇಳಿ.

ರಾಯಚೂರಿನಿಂದ, ಲೈಸೆನ್ಸ್ ಇಟ್ಟುಕೊಂಡು ಮೂವತ್ತು ವರ್ಷ ದಾಟಿದವರು:

ತಮ್ಮಾ, ಮೊದಲ ಕಾನೂನಿನ ಮಾತು ಮುಗಿಸಿಬಿಡೋಣ. 1959ರ ಆಯುಧ ಕಾಯ್ದೆ 5ನೇ ಕಲಂ ಪ್ರಕಾರ ತೋಟಾ ತಯಾರಿಸೋದಕ್ಕ ಬೇರೇನೇ ಲೈಸೆನ್ಸ್ ಬೇಕು. ರಿವಾಲ್ವರ್ ಇಟ್ಕೊಳ್ಳೋ ಲೈಸೆನ್ಸ್ ಅದಕ್ಕ ಸಾಲಂಗಿಲ್ಲ. ಅಡುಗೆಮನಿ ಪಕ್ಕದ ಕೋಣ್ಯಾಗ ಕೂತು ಮದ್ದು ತುಂಬಿದ್ರ ಇದ್ದ ಲೈಸೆನ್ಸೂ ಹೋಗ್ತದ, ಮ್ಯಾಲ ಕೇಸೂ ಬೀಳ್ತದ.

ನಮ್ಮ ಅಜ್ಜನ ಹತ್ರ ಕೇಪಿನ ಬಂದೂಕು ಇತ್ತು. ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗಜದಿಂದ ಜಡಿಯೋರು. ಅದನ್ನ ನೋಡಿ ಬೆಳೆದವರಿಗೆ ಮದ್ದು ತುಂಬೋದು ಏನು ಮಹಾ ಅನಸ್ತದ. ಕರಿಮದ್ದಿನ ಲೆಕ್ಕಾನ ಬ್ಯಾರೆ, ಈಗಿನ ಹೊಗೆಯಿಲ್ಲದ ಮದ್ದಿನ ಲೆಕ್ಕಾನ ಬ್ಯಾರೆ. ಮೆತ್ತಗಾಗ್ಲಿ ಅಂತ ಕಡಿಮಿ ಹಾಕಿದ್ರ ಗುಂಡು ನಳಿಗಿ ಅರ್ಧದಾಗ ಸಿಕ್ಕೊಂಡು ನಿಲ್ತದ. ಸದ್ದು ‘ಟುಸ್’ ಅಂತದ, ಹೊಡೆಯೋನು ಗಮನಿಸದ ಇನ್ನೊಂದು ಹೊಡೀತಾನ, ನಳಿಗಿ ಉಬ್ಬಿ ಒಡೀತದ. ಇನ್ನೊಂದು ಅಪಾಯ ಅಂದ್ರ, .38 ಸ್ಪೆಷಲ್ ಕರಿಮದ್ದಿನ ಕಾಲದಾಗ ಹುಟ್ಟಿದ್ದು, ಕೇಸು ಉದ್ದ, ಒಳಗ ಜಾಗ ಜಾಸ್ತಿ. ಚಿಟಿಕಿ ಮದ್ದು ತಳದಾಗ ಕೂಡ್ತದ, ಮರೆತು ಎರಡನೇ ಸಲ ಹಾಕಿದ್ರೂ ಮ್ಯಾಲ ತುಳುಕಂಗಿಲ್ಲ, ಕಣ್ಣಿಗೆ ಬೀಳಂಗಿಲ್ಲ. ಅಲ್ಲಿ ಅದನ್ನ ಮಾಡೋರು ತಕ್ಕಡಿ, ಅಳತಿ ಪುಸ್ತಕ, ವರ್ಷಗಟ್ಲೆ ಶಿಸ್ತು ಇಟ್ಕೊಂಡು ಮಾಡ್ತಾರ. ವಿಡಿಯೊದಾಗ ಅದು ಕಾಣಂಗಿಲ್ಲ.

ಇನ್ನೊಂದು ಹೇಳಲಾ? ನಿನ್ನ .32 ಮೊದಲೇ ಮೆತ್ತಂದು. ಅಂತರರಾಷ್ಟ್ರೀಯ 25 ಮೀಟರ್ ಸೆಂಟರ್‌ಫೈರ್ ಸ್ಪರ್ಧೆಯಾಗ ದೊಡ್ಡ ದೊಡ್ಡ ಶೂಟರ್‌ಗಳು ಬಳಸೋದು ಇದೇ .32 ಎಸ್ ಅಂಡ್ ಡಬ್ಲ್ಯೂ ಲಾಂಗ್ ಅನ್ನೋ ತೋಟಾ, ಮೂತಿ ಚಪ್ಪಟಿ ಇರೋ ಗುಂಡು ಹಾಕಿ. ಅದಕ್ಕ ಒದೆ ಜಾಸ್ತಿ ಅಂತ ಬೈಬ್ಯಾಡ.

ಗಂಗಾವತಿಯಿಂದ, ಅಕ್ಕನೊಬ್ಬರು:

ರಾಯಚೂರಿನ ಕಾಕಾ ಹೇಳಿದ್ದು ಖರೇ ಐತಿ. ಬಲಗೈಲೆ ಹೊಡಿಯೋರಿಗೆ ಎಡಕ್ಕ ಕೆಳಗ ಹೋಗತಾವ ಅಂದ್ರ ಬಹಳಷ್ಟು ಸಲ ಕೈ ಬೆಚ್ಚತೈತಿ ಅಂತ ಅರ್ಥ. ಗುಂಡು ಹಾರೋಕಿಂತ ಮೊದ್ಲ ಮೈ ಒದಿಗೆ ತಯಾರಾಗಿಬಿಡತೈತಿ. ನನಗೂ ಹಂಗ ಇತ್ತು. ರೇಂಜಿನ ಕೋಚ್ ಒಂದು ಆಟ ಆಡಿಸಿದ್ರು. ಸಿಲಿಂಡರ್‌ದಾಗ ಎರಡು ನಿಜದ ತೋಟಾ, ನಾಲ್ಕು ಡಮ್ಮಿ, ತಿರುಗಿಸಿ ಕೊಟ್ರು. ಯಾವುದು ಯಾವಾಗ ಅಂತ ನನಗ ಗೊತ್ತಿಲ್ಲ. ಡಮ್ಮಿ ಮೇಲೆ ಕುದುರೆ (ತೋಟಾ ಹೊಡಿಯೋ ಸುತ್ತಿಗಿ) ಬಿದ್ದಾಗ ನಳಿಗಿ ಹಂಗ ಕೆಳಗ ಕುಕ್ಕಿತು. ನಾಚಿಕಿ ಆತು, ಆದ್ರ ರೋಗ ಗೊತ್ತಾತು. ಎರಡು ತೋಟಾದಾಗ ಆರು ಹೊಡೆತದ ಪಾಠ, ಇದಕ್ಕಿಂತ ಅಗ್ಗ ಯಾವುದೈತಿ?

ಮನಿಯೊಳಗ ಅಂದ್ರ ಬರೇ ಖಾಲಿ ಅಭ್ಯಾಸ. ನಿಜದ ತೋಟಾ ಇನ್ನೊಂದು ಕೋಣ್ಯಾಗ ಬೀಗ ಹಾಕಿ ಇಡ್ರಿ, ಸಿಲಿಂಡರ್ ಎರಡು ಸಲ ನೋಡ್ರಿ, ಗಟ್ಟಿ ಗೋಡಿ ಕಡೆ ಹಿಡೀರಿ. ಸಿಲಿಂಡರಿನ ಆರೂ ತೂತಿಗೆ ಸ್ನ್ಯಾಪ್ ಕ್ಯಾಪ್ (ಖಾಲಿ ಅಭ್ಯಾಸದ ಡಮ್ಮಿ ತೋಟಾ) ಹಾಕಿದ್ರ ಪಿನ್ನು ಕೆಡಂಗಿಲ್ಲ. ದಿನಾ ರಾತ್ರಿ 20 ಸಲ, ಮುಂದಿನ ನೊಣ (ನಳಿಗಿ ತುದಿಯ ಗುರಿಗುರುತು) ಅಲುಗಾಡದಂಗ ಕುದುರೆ ಬೀಳಬೇಕು. ನಮ್ಮನ್ಯಾಗ ಅತ್ತೆಯವರು ‘ಏನವ್ವಾ ಇದು ಟಕ್ ಟಕ್’ ಅಂತಿದ್ರು, ಈಗ ಅವರ ಧಾರಾವಾಹಿ ಟೈಮ್ ಬಿಟ್ಟು ಮಾಡತೀನಿ.

ಬಳ್ಳಾರಿ ಕೌಲ್ ಬಜಾರ್‌ನಿಂದ:

ಅಣ್ಣಾ, ನಿನ್ನ ಪ್ರಶ್ನೆಗೆ ನನ್ನ ಉತ್ತರ ಏರ್ ಪಿಸ್ತೂಲ್. ನಳಿಗೆ ತೂತು .177 ಇಂಚು ಅಂದ್ರೆ 4.5 ಮಿ.ಮೀ. ಒಳಗೆ, ಗುಂಡಿನ ಶಕ್ತಿ 20 ಜೌಲ್ ಒಳಗೆ ಇದ್ರೆ ಲೈಸೆನ್ಸ್ ಬೇಡ, ಅಂಗಡೀಲಿ ಗುರುತಿನ ಚೀಟಿ ಕೊಟ್ಟು ತಗೊಳ್ಳಬಹುದು. ಸ್ಪರ್ಧೆಯ ಪಿಸ್ತೂಲ್ 5 ಜೌಲ್ ಆಸುಪಾಸು ಅಷ್ಟೇ. 10 ಮೀಟರ್ ಜಾಗ ಇದ್ರೆ ಸಾಕು, ನಾನು ಟೆರೇಸಿನ ಮೇಲೆ ಹೊಡೀತೀನಿ, ಹಿಂದೆ ಎತ್ತರದ ಗೋಡೆ ಐತೆ. ಗುರಿಕಾಗದದ ನಡುವು ನೆಲದಿಂದ 1.40 ಮೀಟರ್. 10ರ ವೃತ್ತ 11.5 ಮಿ.ಮೀ. ಮಾತ್ರ, ರಿವಾಲ್ವರಿನ ಸೊಕ್ಕು ಅಲ್ಲೇ ಇಳಿಯುತ್ತೆ! ನಿನ್ನ ಒಂದು ತೋಟಾದ ದುಡ್ಡಿಗೆ ನನ್ನ ಒಂದು ಸಂಜೆ ಮುಗಿಯುತ್ತೆ.

ಪೆಲೆಟ್ (ಏರ್ ಪಿಸ್ತೂಲಿನ ಸಣ್ಣ ಗುಂಡು) ಹಿಡಿಯೋ ಪೆಟ್ಟಿಗೆಗೆ ನಮ್ಮೂರಲ್ಲಿ ಏನ್ ಕಮ್ಮಿ? ಜೀನ್ಸ್ ಹೊಲಿಯೋ ಕಡೆ ಕಟಿಂಗ್ ಚೂರು ಮೂಟೆಗಟ್ಟಲೆ ಬಿದ್ದಿರುತ್ತೆ. ಮರದ ಪೆಟ್ಟಿಗೆ, ಹಿಂದೆ ಕಬ್ಬಿಣದ ತಗಡು, ಮುಂದೆ ಒಂದು ಅಡಿ ದಪ್ಪ ಡೆನಿಮ್ ಚೂರು ಗಟ್ಟಿಯಾಗಿ ತುರುಕಿದೀನಿ. ವರ್ಷ ಆಯ್ತು, ಒಂದೂ ತಗಡಿಗೆ ತಾಗಿಲ್ಲ. ಉಕ್ಕಿನ ಬಿಬಿ ಗುಂಡು ಮಾತ್ರ ಬೇಡ, ಗಟ್ಟಿ ಜಾಗಕ್ಕೆ ಬಡಿದ್ರೆ ವಾಪಸ್ ಮುಖಕ್ಕೇ ಬರುತ್ತೆ. ಕನ್ನಡಕ ಹಾಕ್ಕೋ. ಪೆಲೆಟ್ ಅಂದ್ರೆ ಸೀಸ, ಹೊಡೆದ ಮೇಲೆ ಸೋಪಿಂದ ಕೈ ತೊಳೀದೆ ಮಿರ್ಚಿ-ಮಂಡಕ್ಕಿ ಮುಟ್ಟಬೇಡ. ಮತ್ತೆ ಪಾರಿವಾಳ, ಗೌಜಲಕ್ಕಿ ಕಡೆ ನೋಡಲೂ ಬೇಡ.

ತೋರಣಗಲ್ಲಿನಿಂದ, ಮೆಕ್ಯಾನಿಕಲ್ ಕೆಲಸದವರು:

ಮೇಲಿನವರ ಮಾತಿಗೆ ಒಂದು ಸೇರ್ಪಡೆ. ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರಿನ ಪಿಸ್ತೂಲು ಅಗ್ಗ ಅಂತ ತಗೊಂಡು ನಾನು ಕೆಟ್ಟೆ. ಆ ಅನಿಲ 31 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ದ್ರವವಾಗಿ ಉಳಿಯೋದೇ ಇಲ್ಲ, ಒತ್ತಡ ಜೋರಾಗಿ ಏರುತ್ತೆ. ಏಪ್ರಿಲ್‌ನಲ್ಲಿ ನಮ್ಮ ಟೆರೇಸು ಎಷ್ಟು ಕಾಯುತ್ತೆ ಅಂತ ಹೇಳಬೇಕಾ? ಬೆಳಗ್ಗೆ ಒಂದು ಕಡೆ, ಮಧ್ಯಾಹ್ನ ಇನ್ನೊಂದು ಕಡೆ ಬೀಳ್ತಿತ್ತು. ಸ್ಪ್ರಿಂಗಿನದು ಅಥವಾ ಒತ್ತಡ ಒಂದೇ ಸಮ ಇಡೋ ರೆಗ್ಯುಲೇಟರ್ ಇರೋ ಗಾಳಿ ಪಿಸ್ತೂಲು ವಾಸಿ. ಸ್ಪ್ರಿಂಗಿನದನ್ನ ಪೆಲೆಟ್ ಇಲ್ಲದೆ ಹೊಡೀಬೇಡಿ, ಒಳಗಿನ ಪಿಸ್ಟನ್ ಬಡಿದು ಸೀಲ್ ಹೋಗುತ್ತೆ.

ಕೇಳಿದವರಿಗೆ ತೋಟಾ ತುಂಬೋದ್ರಲ್ಲಿ ಇಷ್ಟ ಆಗಿದ್ದು ಆ ಪ್ರಯೋಗದ ಮಜಾ ಇರಬೇಕು ಅನ್ಸುತ್ತೆ. ಅದನ್ನ ಪೆಲೆಟ್‌ನಲ್ಲೇ ಮಾಡಬಹುದು. ಒಂದೇ ಕಂಪನಿಯ ಪೆಲೆಟ್ 4.49, 4.50, 4.51 ಮಿ.ಮೀ. ಅಂತ ತಲೆ ಅಳತೆಯಲ್ಲಿ ಬರುತ್ತೆ, ತೂಕ ಪಿಸ್ತೂಲಿಗೆ 7 ಗ್ರೇನ್ (ಅರ್ಧ ಗ್ರಾಂಗಿಂತ ಕಮ್ಮಿ), ರೈಫಲಿಗೆ 8.2 ಗ್ರೇನ್ ಸಾಮಾನ್ಯ. ಪಿಸ್ತೂಲನ್ನ ಮರಳು ಚೀಲದ ಮೇಲೆ ಇಟ್ಟು ಒಂದೊಂದರಲ್ಲಿ 5 ಹೊಡೆದು ತೂತುಗಳ ನಡುವಿನ ಅಂತರ ಅಳೆದು ಬರ್ಕೊಳ್ಳಿ. ಚಪ್ಪಟೆ ಮೂತಿಯದು ಕಾಗದದಲ್ಲಿ ಪಂಚ್ ಮಾಡಿದ ಹಾಗೆ ದುಂಡಗೆ ಕತ್ತರಿಸುತ್ತೆ, ಅಳೆಯೋಕೆ ಸುಲಭ. ನನ್ನದಕ್ಕೆ ಕೊನೆಗೆ ಹೊಂದಿದ್ದು ನಾನು ತಂದ ಮೂರರಲ್ಲಿ ಅಗ್ಗದ್ದೇ.

ಗಂಗಾವತಿ ಅಕ್ಕ, ಮತ್ತೆ:

ಏರ್ ಪಿಸ್ತೂಲ್ ಚಲೋ, ಆದ್ರ ಅದರ ಟ್ರಿಗರ್ ನಿಯಮದ ಪ್ರಕಾರ ಕನಿಷ್ಠ 500 ಗ್ರಾಂ. ರಿವಾಲ್ವರಿಂದು ಡಬಲ್ ಆಕ್ಷನ್‌ದಾಗ, ಅಂದ್ರ ಟ್ರಿಗರ್ ಎಳೆದೇ ಕುದುರೆ ಎತ್ತಿ ಬೀಳಿಸುವಾಗ, ಕಿಲೋಗಟ್ಲೆ ಎಳೀಬೇಕು. ಕಣ್ಣು, ಉಸಿರು, ನಿಲುವು ಅದರಾಗ ಕಲೀರಿ, ಬೆರಳು ಮಾತ್ರ ನಿಮ್ಮ ರಿವಾಲ್ವರಿನ ಮೇಲೆ, ಖಾಲಿ ಇಟ್ಕೊಂಡು ಕಲೀಬೇಕು. ಎರಡೂ ಬೇಕ್ರಿ.

ರಾಯಚೂರಿನ ಕಾಕಾ:

ಇದು ಸರಿ. ಚುನಾವಣೆ ಬಂದ್ರ ರಿವಾಲ್ವರ್ ಠಾಣಾಕ್ಕ ಒಪ್ಪಿಸಬೇಕಾಗಬಹುದು ಅನ್ನೋದೂ ನೆನಪಿರಲಿ. 2024ರ ಮೇ 7ಕ್ಕ ನಮ್ಮಲ್ಲಿ ಮತದಾನ ಇತ್ತಲ್ಲ, ನಂದು ಮೊದಲೇ ಅಲ್ಲಿ ಹೋಗಿ ಕೂತಿತ್ತು. ಆವಾಗ ಮೊಮ್ಮಗನ ಗಾಳಿ ಪಿಸ್ತೂಲೇ ಗತಿ ಆತು.

ಕೇಳಿದವರು, ಎರಡು ತಿಂಗಳ ಮೇಲೆ:

ಎಲ್ಲರಿಗೂ ಥ್ಯಾಂಕ್ಸ್. ಮದ್ದಿನ ಆಸೆ ಬಿಟ್ಟೆ. ಸ್ನ್ಯಾಪ್ ಕ್ಯಾಪ್ ತಗೊಂಡೆ, ಸ್ಪ್ರಿಂಗಿನ ಏರ್ ಪಿಸ್ತೂಲೂ ತಗೊಂಡೆ, ಕೌಲ್ ಬಜಾರ್ ಅಣ್ಣ ಎರಡು ಮೂಟೆ ಚೂರು ಪುಕ್ಕಟೆ ಕೊಡಿಸಿದ್ರು. ಹೋದ ವಾರ ರೇಂಜಲ್ಲಿ ಕೋಚಿಗೆ ಹೇಳಿ ಡಮ್ಮಿ ಆಟ ಆಡಿಸ್ಕೊಂಡೆ, ಮೊದಲ ಡಮ್ಮಿಗೇ ಕುಕ್ಕಿದೆ, ಎಲ್ಲರೂ ನಕ್ಕರು. ಆಮೇಲೆ ಹೊಡೆದ 10ರಲ್ಲಿ ಎಡಕ್ಕೆ ಹೋಗಿದ್ದು 2. ಒಂದು ಅನುಮಾನ ಉಳಿದೈತೆ: ಎಡಗಣ್ಣು ಮುಚ್ಚಿದ್ರೆ ಸ್ವಲ್ಪ ಹೊತ್ತಿಗೇ ಬಲಗಣ್ಣೂ ಸೋಲುತ್ತೆ. ಕನ್ನಡಕದ ಎಡಗಾಜಿಗೆ ಬಿಳಿ ಟೇಪ್ ಅಂಟಿಸಿ ಎರಡೂ ಕಣ್ಣು ತೆರೆದು ಹೊಡೆಯೋರು ಯಾರಾದ್ರೂ ಇದ್ದೀರಾ?