ಗುಂಡಿನ ದಾಳಿ ತಡೆಯೋಕೆ ಒಂದು ವರ್ಷದ ಅನುದಾನ: ಯಾವುದಕ್ಕೆ ಹಾಕೋದು?

ತುಂಗಾತೀರ:
ಅಮೆರಿಕದ ಒಂದು ಮಧ್ಯಮ ಗಾತ್ರದ ಊರು. ಬಡಾವಣೆಯ ಸಂಘಕ್ಕೆ ಗುಂಡಿನ ದಾಳಿ ತಡೆಯುವ ಕೆಲಸಕ್ಕೆ ನಗರಾಡಳಿತ 40,000 ಡಾಲರ್ ಕೊಟ್ಟಿದೆ, ಒಂದೇ ವರ್ಷಕ್ಕೆ. ಸಮಿತಿ ಮುಂದೆ ಮೂರು ಪ್ರಸ್ತಾಪ: ಬೀದಿಯಲ್ಲಿ ಜಗಳ ಬಿಡಿಸೋ ‘ವಯಲೆನ್ಸ್ ಇಂಟರಪ್ಟರ್’ ಒಬ್ಬರ ನೇಮಕ, ರಾತ್ರಿ ಬ್ಯಾಸ್ಕೆಟ್‌ಬಾಲ್, ಹಾಳುಬಿದ್ದ ಖಾಲಿ ಸೈಟುಗಳ ಸ್ವಚ್ಛತೆ. ಮೂರನೆಯದಕ್ಕೆ ಎಲ್ಲರೂ ನಗ್ತಿದ್ದಾರೆ. ಏನಂತೀರಿ?

ಸಾಗರದವ:
ನಗೋರು ಫಿಲಡೆಲ್ಫಿಯಾ ಲೆಕ್ಕ ನೋಡಲಿ. ಅಲ್ಲಿ 541 ಖಾಲಿ ಸೈಟುಗಳನ್ನು ಚೀಟಿ ಎತ್ತಿದ ಹಾಗೆ ಹಂಚಿ, ಕೆಲವನ್ನು ಹಸನು ಮಾಡಿದರು, ಕೆಲವನ್ನು ಇದ್ದ ಹಾಗೇ ಬಿಟ್ಟರು. ಬಡತನ ರೇಖೆಗಿಂತ ಕೆಳಗಿದ್ದ ಬಡಾವಣೆಗಳಲ್ಲಿ ಗುಂಡಿನ ಹಿಂಸೆ 29% ಇಳಿಯಿತು ಅಂತ 2018ರ ವರದಿ.

ಕೆಲಸ ಇಷ್ಟೇ: ಕಸ ಎತ್ತಿ, ನೆಲ ಮಟ್ಟ ಮಾಡಿ, ಹುಲ್ಲು ಬಿತ್ತಿ, ಬೆರಳೆಣಿಕೆಯ ಮರ ನೆಟ್ಟು, ಸುತ್ತ ತಗ್ಗಾದ ಮರದ ಬೇಲಿ. ಬೇಲಿಯಲ್ಲಿ ಜನ ಒಳಬರೋಕೆ ಸಂದಿ ಇರಲೇಬೇಕು. ಕಸ ಸುರಿಯೋ ಲಾರಿ ಮಾತ್ರ ನುಗ್ಗಬಾರದು. ಆಗಿನ ಖರ್ಚು ಚದರ ಮೀಟರಿಗೆ ಸುಮಾರು 5 ಡಾಲರ್, ನಿರ್ವಹಣೆಗೆ ಅರ್ಧ ಡಾಲರ್. ಅಂದರೆ 150 ಚದರ ಮೀಟರಿನ ಸೈಟಿಗೆ 750, ಆಮೇಲೆ ವರ್ಷಕ್ಕೆ 75. ಈಗ ಕೂಲಿ ಏರಿದೆ, ಸ್ಥಳೀಯ ದರ ಕೇಳಿ.

ಕಳೆ ಮತ್ತು ಕಸದ ರಾಶಿ ಪಿಸ್ತೂಲು ಬಚ್ಚಿಡೋಕೆ ಹೇಳಿ ಮಾಡಿಸಿದ ಜಾಗ. ಅದು ಹೋದ ಮೇಲೆ ಅಕ್ಕಪಕ್ಕದವರು ಹೊರಗೆ ಬಂದು ಕೂರ್ತಾರೆ. ಕೆಡೋದು ಎಲ್ಲಿ ಅಂದ್ರೆ ಹುಲ್ಲು ಕತ್ತರಿಸೋದರಲ್ಲಿ. ಫೋಟೋ ತೆಗೆಸಿಕೊಂಡು ಮರೆತರೆ ಒಂದೇ ಬೇಸಿಗೆಯಲ್ಲಿ ಮತ್ತೆ ಕಾಡು. ಕತ್ತರಿಸುವ ಗುತ್ತಿಗೆಯನ್ನು ಮೊದಲೇ ಬರೆಸಿ, ದುಡ್ಡು ಎತ್ತಿಡಿ.

ಬಯಲುಸೀಮೆ_ಎಂಎಸ್‌ಡಬ್ಲ್ಯು:
ಇಂಟರಪ್ಟರ್ ಕೆಲಸವನ್ನೂ ತಳ್ಳಿಹಾಕಬೇಡಿ, ಆದರೆ ನಿಮ್ಮ ಗಡುವಿಗೆ ಅದು ಹೊಂದಲ್ಲ. ಸಾಂಕ್ರಾಮಿಕ ರೋಗ ತಜ್ಞ ಗ್ಯಾರಿ ಸ್ಲಟ್ಕಿನ್ 2000ದಲ್ಲಿ ಷಿಕಾಗೋದ ವೆಸ್ಟ್ ಗಾರ್ಫೀಲ್ಡ್ ಪಾರ್ಕ್‌ನಲ್ಲಿ ಶುರುಮಾಡಿದ ಪದ್ಧತಿ. ಒಂದು ಗುಂಡೇಟು ಮುಂದಿನದಕ್ಕೆ ಸೋಂಕು ಅಂಟಿಸುತ್ತೆ ಅನ್ನೋದು ಅದರ ತಳಹದಿ. ಹಾಗಾಗಿ ಗಾಯಾಳು ಆಸ್ಪತ್ರೆ ಸೇರಿದ ರಾತ್ರಿಯೇ ಅವನ ಗೆಳೆಯರು, ಅಣ್ಣತಮ್ಮಂದಿರ ಹತ್ತಿರ ಹೋಗಬೇಕು. ಸೇಡಿಗೆ ಹೊರಡೋರು ಅಲ್ಲೇ ಇರ್ತಾರೆ. 72 ಗಂಟೆಯೊಳಗೆ ಆ ಬೀದಿಯಲ್ಲೇ ಜನ ಸೇರಿ ‘ಇದು ಇಲ್ಲಿ ನಡೆಯಲ್ಲ’ ಅಂತ ತೋರಿಸಬೇಕು.

ಆ ಹುಡುಗರು ಮಾತು ಕೇಳೋದು ಒಂದು ಕಾಲದಲ್ಲಿ ತಮ್ಮ ಹಾಗೇ ಇದ್ದು ಬಿಟ್ಟುಬಂದವರದ್ದು. ಸೂಟು ಹಾಕಿದ ಸಲಹೆಗಾರನನ್ನು ನೇಮಿಸಿದರೆ ಸಂಬಳ ದಂಡ. ಹಗಲು 9ರಿಂದ 5ರ ಪಾಳಿಯೂ ಅಷ್ಟೇ. ಇಂಟರಪ್ಟರ್ ಕಡೆಯಿಂದ ಪೊಲೀಸರಿಗೆ ಒಂದು ಸಲ ಸುದ್ದಿ ಹೋಯ್ತು ಅಂದ್ರೆ ಕೆಲಸ ಮುಗೀತು, ಇಂಟರಪ್ಟರ್ ಜೀವಕ್ಕೂ ಅಪಾಯ. ನಂಬಿಕೆ ಕುದುರೋಕೇ ತಿಂಗಳುಗಳು ಬೇಕು. ಅಷ್ಟರಲ್ಲಿ ನಿಮ್ಮ ಅನುದಾನ ಖಾಲಿ. ಕ್ಯಾಲಿಫೋರ್ನಿಯಾದ ರಿಚ್ಮಂಡ್ ಊರು, ಗುಂಡು ಹಾರಿಸಬಹುದು ಅನ್ನೋ ಹುಡುಗರನ್ನು ದಾರಿಗೆ ತರೋಕೆ 2010ರಲ್ಲಿ ಶುರುಮಾಡಿದ ಫೆಲೋಶಿಪ್ಪೇ 18 ತಿಂಗಳದ್ದು. ಅಲ್ಲಿ ಗುರಿ ಮುಟ್ಟಿದವರಿಗೆ ತಿಂಗಳಿಗೆ 1,000 ಡಾಲರ್‌ವರೆಗೆ ಕೊಡ್ತಿದ್ದರು, ಅದೂ ಮೊದಲ ಆರು ತಿಂಗಳು ಕಳೆದ ಮೇಲೆ. ‘ಗುಂಡು ಹಾರಿಸದಿರೋಕೆ ಲಂಚ’ ಅಂತ ಆಡಿಕೊಂಡವರು ಈ ಷರತ್ತು ಓದಿರಲಿಲ್ಲ.

ತುಂಗಾತೀರ:
ಬ್ಯಾಸ್ಕೆಟ್‌ಬಾಲ್?

ಬಯಲುಸೀಮೆ_ಎಂಎಸ್‌ಡಬ್ಲ್ಯು:
ಮಕ್ಕಳಿಗೆ ಒಳ್ಳೇದು, ಗುಂಡಿನ ದಾಳಿ ತಡೆಯೋಕೆ ಅಲ್ಲ. ಆಡೋಕೆ ಬರೋರು ಬೇರೆ, ಬಂದೂಕು ಇಟ್ಟುಕೊಂಡೋರು ಬೇರೆ. ಹದಿಹರೆಯದವರಿಗೇ ಖರ್ಚು ಮಾಡಬೇಕು ಅಂದ್ರೆ ಬೇಸಿಗೆ ಕೆಲಸ ಕೊಡಿ. ಷಿಕಾಗೋದಲ್ಲಿ 8 ವಾರ, ವಾರಕ್ಕೆ 25 ಗಂಟೆ ಸಂಬಳದ ಕೆಲಸ ಕೊಟ್ಟಾಗ, ಮುಂದಿನ 16 ತಿಂಗಳಲ್ಲಿ ಹಿಂಸಾ ಪ್ರಕರಣಗಳ ಬಂಧನ 43% ಕಡಿಮೆಯಾಯ್ತು.

ಸಾಗರದವ:
ತುಂಗಾತೀರ ಅವರೇ, ಸೈಟು ಆರಿಸುವಾಗ ಚೆಂದ ನೋಡಬೇಡಿ. ಹಿಂದಿನ ಎರಡು ಮೂರು ವರ್ಷದ ಗುಂಡಿನ ಪ್ರಕರಣಗಳನ್ನು ನಕ್ಷೆಯಲ್ಲಿ ಗುರುತಿಸಿ, ಅವುಗಳ ಪಕ್ಕದ್ದನ್ನೇ ಮೊದಲು ಹಿಡೀರಿ. ಮಾಲೀಕ ಸಿಗದಿದ್ದರೆ ನಗರಾಡಳಿತದಿಂದ ನೋಟಿಸ್ ಕೊಡಿಸಿ, ಒಳಗೆ ಹೋಗೋಕೆ ಲಿಖಿತ ಅನುಮತಿ ತಗೊಳ್ಳಿ. ಅದು ಕೈಗೆ ಬರದೆ ಕುಡುಗೋಲು ಎತ್ತಬೇಡಿ.