ಮಗುವಿನ ಸೊಂಟದ ಎಕ್ಸ್‌ರೇ: ತೆಗೆಸಲೇಬೇಕಾ?

ಪ್ರಶ್ನೆ (ಒಬ್ಬ ತಾಯಿ): ಸರ್, ಮಗಳಿಗೆ 4 ವರ್ಷ. ಮೂರು ವಾರದಿಂದ ಸೊಂಟದ ಹತ್ತಿರ ನೋವು ಅಂತಾಳೆ. ರಾತ್ರಿ ಎದ್ದು ಅಳ್ತಾಳೆ. ಡಾಕ್ಟರ್ ಎಲ್‌ಎಸ್ ಸ್ಪೈನ್ (ಸೊಂಟದ ಬೆನ್ನುಮೂಳೆ) ಎಕ್ಸ್‌ರೇ ಬರೆದುಕೊಟ್ಟಿದ್ದಾರೆ, ಎರಡು ಫಿಲ್ಮ್. ಹೊಟ್ಟೆಯ ಭಾಗ ಅಲ್ವಾ, ರೇಡಿಯೇಷನ್ ಅಂದ್ರೆ ಭಯ.

ಉತ್ತರ (ಎಕ್ಸ್‌ರೇ ಟೆಕ್ನಿಷಿಯನ್): ತೆಗೆಸಿ ಅಮ್ಮಾ, ಮುಂದೂಡಬೇಡಿ. ಆಡಿ ಬಂದು ಸಂಜೆ ಬೆನ್ನು ನೋವು ಅನ್ನುವ ಮಕ್ಕಳಿಗೆ ಸುಮ್ನೆ ಎಕ್ಸ್‌ರೇ ಬೇಡ. ಆದರೆ ಇಷ್ಟು ಚಿಕ್ಕ ಮಗು ನಿದ್ದೆಯಿಂದ ಎದ್ದು ಅಳುವ ನೋವನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಜ್ವರ, ತೂಕ ಇಳಿಯುವುದು, ಕಾಲಲ್ಲಿ ಬಲ ಇಲ್ಲದಿರುವುದು, ಮೂತ್ರದ ಹಿಡಿತ ತಪ್ಪುವುದು ಇದ್ದರೆ ಇವತ್ತೇ ಡಾಕ್ಟರಿಗೆ ಹೇಳಿ. ನಮ್ಮಲ್ಲಿ ಬೆನ್ನುಮೂಳೆಯ ಟಿಬಿಯೂ ಉಂಟು, ಶುರುವಿನಲ್ಲಿ ಅದು ಎಕ್ಸ್‌ರೇಯಲ್ಲಿ ಕಾಣದೇ ಇರಬಹುದು. ಫಿಲ್ಮ್ ಸರಿಯಾಗಿದೆ ಅಂದರೂ ನೋವು ಹೋಗದಿದ್ದರೆ ಮತ್ತೆ ತೋರಿಸಿ.

ರೇಡಿಯೇಷನ್ ವಿಷಯ. ದೊಡ್ಡವರ ಸೊಂಟದ ಎಕ್ಸ್‌ರೇಗೆ ಸುಮಾರು 1.5 ಮಿಲಿಸೀವರ್ಟ್ (ಮೈಗೆ ಬೀಳುವ ರೇಡಿಯೇಷನ್ನಿನ ಅಳತೆ). ನೆಲ, ಗಾಳಿ, ಆಕಾಶದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಬೀಳುತ್ತದೆ. ಮಗುವಿನ ಮೈ ತೆಳು, ಅದಕ್ಕೆ ತಕ್ಕ ಹಾಗೆ ಮಷಿನ್‌ನ ಕಿರಣ ಇಳಿಸಿದರೆ ತುಂಬಾ ಕಡಿಮೆ ಸಾಕು. ಜಾಸ್ತಿ ಆಗುವುದು ಎರಡನೇ ಸಲ ತೆಗೆದಾಗ. ಒಮ್ಮೆ ಮೂರು ವರ್ಷದ ಹುಡುಗ ಬಂದಿದ್ದ. ಡೈಪರ್ ಒಳಗೆ ಸೇರಿಕೊಂಡಿದ್ದ ಬೆಳ್ಳಿ ಉಡಿದಾರ ನನ್ನ ಕಣ್ಣಿಗೆ ಬೀಳಲಿಲ್ಲ. ಫಿಲ್ಮಲ್ಲಿ ಸರಿಯಾಗಿ ನಾಲ್ಕನೇ ಮೂಳೆಯ ಮೇಲೆ ಬಿಳಿ ಸರಪಳಿ! ಮತ್ತೆ ತೆಗೆಯಬೇಕಾಯಿತು. ತಪ್ಪು ನನ್ನದೇ, ಇನ್ನೂ ಮನಸ್ಸಿಗೆ ಚುಚ್ಚುತ್ತದೆ. ಉಡಿದಾರ, ತಾಯತ, ಬಟನ್ ಇರುವ ಬಟ್ಟೆ ಮನೆಯಲ್ಲೇ ಬಿಚ್ಚಿಡಿ.

ಇವತ್ತೇ ಹಾಸಿಗೆ ಮೇಲೆ ಆಟದ ಹಾಗೆ ಅಭ್ಯಾಸ ಮಾಡಿಸಿ. ಅಂಗಾತ ಮಲಗಿ ಮಂಡಿ ಮಡಚುವುದು. ಆಗ ಸೊಂಟದ ಬಾಗು ಟೇಬಲ್ಲಿಗೆ ತಾಗುತ್ತದೆ, ಮೂಳೆಗಳ ನಡುವಿನ ಸಂದು ಬಿಡಿಸಿ ಕಾಣುತ್ತದೆ. ಆಮೇಲೆ ಪಕ್ಕಕ್ಕೆ ತಿರುಗಿ, ಎರಡೂ ಕೈ ತಲೆಯ ಹತ್ತಿರ. ಮೂರು ಎಣಿಸುವವರೆಗೆ ಬೊಂಬೆ ಹಾಗೆ ಇರಬೇಕು.

ಪ್ರಶ್ನೆ: ಹೊಟ್ಟೆ ಮೇಲೆ ಸೀಸದ ಹಾಳೆ ಇಡಿ ಅಂತ ಕೇಳಲಾ ಸರ್? ಇನ್ನೊಂದು, ನನಗೀಗ 5 ತಿಂಗಳು. ಅವಳನ್ನು ನಾನೇ ಹಿಡ್ಕೋಬಹುದಾ?

ಉತ್ತರ: ಸೊಂಟದ ಎಕ್ಸ್‌ರೇಗೆ ಸೀಸ ಬೇಡ. ನೋಡಬೇಕಾದ ಮೂಳೆಯೇ ಅದರಡಿ ಮುಚ್ಚಿಹೋಗಬಹುದು. ಆಟೋಮ್ಯಾಟಿಕ್ ಮಷಿನ್ ಆದರೆ ಅಡ್ಡ ಬಂದದ್ದನ್ನು ದಾಟಲು ಇನ್ನೂ ಜಾಸ್ತಿ ಕಿರಣ ಬಿಡುತ್ತದೆ. ಇದನ್ನು ರೂಢಿಯಾಗಿ ಇಡುವುದು ನಿಲ್ಲಿಸಿ ಅಂತ ಅಮೆರಿಕದ ಮೆಡಿಕಲ್ ಫಿಸಿಸಿಸ್ಟರ ಸಂಘ 2019ರಲ್ಲೇ ಹೇಳಿದೆ. ಅದರ ಬದಲು ಮಗುವಿನ ಮೈಮೇಲೆ ಬೀಳುವ ಬೆಳಕಿನ ಚೌಕ ನೋಡಿ, ಕಿರಣ ಬೀಳುವ ಜಾಗ ಅದೇ. ಎದೆಯವರೆಗೆ ಹರಡಿದ್ದರೆ, "ಸ್ವಲ್ಪ ಚಿಕ್ಕದು ಮಾಡ್ತೀರಾ" ಅಂತ ಧಾರಾಳವಾಗಿ ಕೇಳಿ.

ನೀವು ಮಾತ್ರ ಒಳಗೆ ನಿಲ್ಲಬೇಡಿ. ಅವಳಪ್ಪನೋ ಅಜ್ಜಿಯೋ ಬರಲಿ, ಹಿಡಿಯುವವರಿಗೆ ಸೀಸದ ಏಪ್ರನ್ ಹಾಕಿಸುತ್ತಾರೆ. ಬಾಗಿಲು ಹಾಕುವ ತನಕ ನೀವು ಅವಳ ಜೊತೆ ಮಾತಾಡ್ತಾ ಇರಿ.